ಮೂರು ಕಾಲಿನ ಅಡ್ಡಣಗಿ, ಮೂರು ಕಾಲಿನ ಕುರ್ಚಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಒಂದು ಅಡ್ಡಣಗಿ ಇನ್ನೂ ಸಿಕ್ಕೀತು. ಊಟದ ತಾಟು ಇಡುವ ಗಿಡ್ಡ ಸ್ಟ್ಯಾಂಡ್ ಅದು. ಪುಸ್ತಕದಲ್ಲಿ ಅಡ್ಡಣಿಗೆ ಅಂತ ಬರೆಯುತ್ತಾರೆ. ಲಿಂಗಾಯತರ ಮನೆಗಳಲ್ಲಿ, ಮಠಗಳಲ್ಲಿ ಕೆಳಗೆ ಕುಳಿತು, ಎದುರಿಗೆ ಇದನ್ನಿಟ್ಟುಕೊಂಡು ಉಣ್ಣುವುದು ರೂಢಿ. ಅನ್ನದ ಮೇಲಿನ ಗೌರವವೂ ಆಯಿತು, ಬಹಳ ಬಗ್ಗುವ ತ್ರಾಸೂ ತಪ್ಪಿತು.

ಕಾಲು ಮೂರೇ ಯಾಕೆ? ಸೆಗಣಿ ಸಾರಿಸಿದ ನೆಲ ಎಂದೂ ಸಮ ಇರುವುದಿಲ್ಲ. ನಾಲ್ಕು ಕಾಲಾದರೆ ಒಂದು ಎದ್ದು ಲಟಕ್ ಲಟಕ್ ಅನ್ನುತ್ತದೆ, ಸಾರು ಚೆಲ್ಲುತ್ತದೆ. ಮೂರು ಕಾಲು ಎಂಥ ನೆಲದಲ್ಲೂ ಗಟ್ಟಿ ಕೂರುತ್ತದೆ.

1947ರ ಸುಮಾರಿಗೆ ದೂರದ ಬ್ರೆಜಿಲ್‌ನಲ್ಲಿ ಜೊವಾಕಿಂ ತೆನ್ರೇರೊ ಎಂಬ ಬಡಿಗರು ಮೂರು ಕಾಲಿನ ಕುರ್ಚಿ ಮಾಡಿದರು. ಪೋರ್ಚುಗಲ್‌ನಲ್ಲಿ 1906ರಲ್ಲಿ ಹುಟ್ಟಿದ ಇವರದು ಬಡಿಗತನದ ಮನೆತನ. ಯುರೋಪಿನ ಭಾರದ ಮೇಜು, ಕುರ್ಚಿ ಬಿಸಿಲ ನಾಡಿಗೆ ಒಗ್ಗುವುದಿಲ್ಲ ಎಂದು ತೆಳು ಕಾಲು, ಬೆತ್ತದ ಹೆಣಿಗೆಯ ಹಗುರ ಊಟದ ಕುರ್ಚಿಗಳನ್ನು ಮಾಡಿದರು. ಅವರು ಬಳಸಿದ ಜಕರಾಂಡಾ ಮರ ನಮ್ಮ ಬೀಟೆಯ ಬಳಗದ್ದೇ. ಕಡಿದು ಕಡಿದು ಅದು ಎಷ್ಟು ಅಪರೂಪವಾಯಿತೆಂದರೆ, 1992ರಲ್ಲಿ ದೇಶ ದೇಶಗಳ ನಡುವೆ ಅದರ ಮಾರಾಟವನ್ನೇ ನಿಷೇಧಿಸಿದರು. ಈಗ ಆ ಹಳೆಯ ಕುರ್ಚಿಗಳು ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತವೆ.

ಅದೇ ಕಾಲಕ್ಕೆ ನಮ್ಮಲ್ಲಿ ಏನಿತ್ತು? 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಊರ ಬಡಿಗರು ಆಯದ ಲೆಕ್ಕದಲ್ಲಿ ದುಡಿಯುತ್ತಿದ್ದರು. ವರ್ಷವಿಡೀ ಕುಂಟೆ, ಕೂರಿಗೆ, ಬಂಡಿ ಗಾಲಿ ರಿಪೇರಿ. ಸುಗ್ಗಿಗೆ ಕಣದಲ್ಲಿ ಜೋಳ. ಎರೆಹೊಲದ ಸೀಮೆಯಲ್ಲಿ ಸಿಗುವುದು ಜಾಲಿ, ಬೇವು. ಜಾಲಿ ಗಟ್ಟಿ, ಆದರೆ ಸೊಟ್ಟ. ಅದರಿಂದ ಊಟದ ಮೇಜಿಗೆ ಬೇಕಾದ ಅಗಲ ಹಲಗೆ ತೆಗೆಯುವುದು ಕಷ್ಟ. ಮಣೆ, ಅಡ್ಡಣಗಿಗೆ ತುಂಡು ಸಾಕು. ಒಲೆಯ ಮುಂದೆಯೇ ಕುಳಿತು ಬಿಸಿರೊಟ್ಟಿ ಉಣ್ಣುವವರಿಗೆ ಎತ್ತರದ ಮೇಜು ಬೇಕಾಗಿಯೂ ಇರಲಿಲ್ಲ, ಬಿಡಿ.

ತೆನ್ರೇರೊ ಹೆಸರು ಮ್ಯೂಸಿಯಂಗಳಲ್ಲಿದೆ. ನಮ್ಮ ಅಡ್ಡಣಗಿಯ ಮೇಲೆ ಮಾಡಿದವರ ಹೆಸರಿಲ್ಲ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಎಷ್ಟೋ ಅಡ್ಡಣಗಿಗಳು ನೀರೊಲೆಗೆ ಹೋದವು. ನಿಮ್ಮ ಮನೆಯಲ್ಲಿ ಉಳಿದಿದ್ದರೆ ತಿರುವಿ ಹಾಕಿ ಒಂದು ಫೋಟೋ ತೆಗೆಯಿರಿ. ಯಾವ ಮರ, ಯಾರು ಮಾಡಿದ್ದು, ಅದಕ್ಕೆ ಎಷ್ಟು ಸೇರು ಜೋಳ ಕೊಟ್ಟಿದ್ದರು ಅಂತ ಅಜ್ಜಿಯನ್ನು ಕೇಳಿ ಬರೆದಿಡಿ.