ಬಿಳಿಗಿರಿಯ ಪೋಡುಗಳಲ್ಲಿ ಸಮಾಜಕಾರ್ಯ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಿಗೆ ರಂಗನಾಥ ಬರೀ ದೇವರಲ್ಲ, ಮನೆಯ ನೆಂಟ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಅವನು. ಹಾಗಾಗಿ ಅವರ ಬಾಯಲ್ಲಿ ಅವನು ‘ಭಾವ’. ಬೆಟ್ಟದ ಒಡೆಯನನ್ನೇ ಹೆಣ್ಣು ಕೊಟ್ಟ ಸಲಿಗೆಯಲ್ಲಿ ಕರೆಯುವ ಈ ಜನ ತಮ್ಮದೇ ಕಾಡಿನಲ್ಲಿ ಅತಿಕ್ರಮಣಕಾರರೆಂದು ಕರೆಸಿಕೊಂಡ ದಿನಗಳೂ ಬಂದವು. ಅವರ ನಡುವೆ ನಡೆದ ಸಮಾಜಕಾರ್ಯದ ಚರಿತ್ರೆಗೆ ಈ ಹಿನ್ನೆಲೆಯೇ ತಳಹದಿ.

ಸೋಲಿಗರು ಹೊರಗಿನವರ ಕಣ್ಣಿಗೆ ಬಿದ್ದದ್ದು ಇತ್ತೀಚೆಗೇನಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಅವರ ಬಗ್ಗೆ ಬರೆದಿದ್ದಾನೆ. 1870ರ ದಶಕದಲ್ಲಿ ಇದೇ ಸೀಮೆಯಲ್ಲಿ ಆನೆ ಹಿಡಿಸಿದ ಸ್ಯಾಂಡರ್ಸನ್ ಸೋಲಿಗರ ಜಾಡು ಹಿಡಿಯುವ ಜಾಣ್ಮೆಯನ್ನು ನೆಚ್ಚಿಕೊಂಡಿದ್ದ. ಅರಮನೆಗೆ, ಶಿಕಾರಿಗೆ, ಬೆಟ್ಟದ ಕಾಫಿ ತೋಟಗಳಿಗೆ ಎಲ್ಲಕ್ಕೂ ಸೋಲಿಗರು ಬೇಕಾಗಿದ್ದರು. ಅವರ ಮಕ್ಕಳಿಗೆ ಏನು ಬೇಕೆಂದು ಕೇಳುವವರು ಬರುವುದು ತಡವಾಯಿತು.

ಹಿಂದೆ ಅವರ ಬೇಸಾಯವೂ ಒಂದೆಡೆ ನಿಲ್ಲುವಂಥದ್ದಲ್ಲ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ರಾಗಿ, ಜೋಳ, ಅವರೆ ಬೆಳೆದು, ನೆಲ ದಣಿದಾಗ ತಮ್ಮ ಹಾಡಿಯಾದ ಪೋಡನ್ನೇ ಬೇರೆ ಕಡೆಗೆ ಸಾಗಿಸುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ ಉದುರಿದ ಎಲೆಗೆ ಸಣ್ಣಗೆ ಇಡುವ ‘ತರಗು ಬೆಂಕಿ’ ನೆಲಕ್ಕಂಟಿಕೊಂಡು ಹರಿದು ಆರಿಹೋಗುತ್ತಿತ್ತು. ಹೆಜ್ಜೇನು ಕೀಳುವಾಗ ಹುಟ್ಟಿನಲ್ಲಿ ಒಂದಿಷ್ಟನ್ನು ಹುಳುವಿಗೇ ಬಿಡುವುದು, ನೆಲ್ಲಿ ಕೊಯ್ಯುವಾಗ ಜಿಂಕೆಗೂ ಹಕ್ಕಿಗೂ ಕಾಯಿ ಉಳಿಸುವುದು ಹಿರಿಯರಿಂದ ಬಂದ ಪದ್ಧತಿ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಯ ಆಸುಪಾಸಿನಲ್ಲಿ ಕೂರಿಸಲಾಯಿತು. ಓಡಾಡಿ ಬದುಕಿದವರಿಗೆ ಅಂಗೈಯಗಲದ ಜಮೀನು, ಹೊತ್ತಿಗೊಮ್ಮೆ ಸಿಗುವ ಕೂಲಿ ಗತಿಯಾಯಿತು. ಕಾಡನ್ನು ಉಳಿಸಲು ಕಾಡಿನವರನ್ನೇ ಹೊರಗಿಡಬೇಕೆಂಬ ಆ ತೀರ್ಮಾನ ನ್ಯಾಯದ ದೃಷ್ಟಿಯಿಂದಲೂ ತಪ್ಪು, ಕಾಡಿನ ದೃಷ್ಟಿಯಿಂದಲೂ ತಪ್ಪು. ಬೆಂಕಿ ನಿಂತ ಮೇಲೆ ಲಂಟಾನ ಬೆಟ್ಟವನ್ನು ನುಂಗತೊಡಗಿತು, ನೆಲ್ಲಿ ಮರಗಳಿಗೆ ಬಂದಳಿಕೆ ಅಡರಿತು ಎಂದು ಸೋಲಿಗ ಹಿರಿಯರು ವರ್ಷಗಟ್ಟಲೆ ಹೇಳುತ್ತಲೇ ಬಂದರು. ಅವರ ಮಾತಿನಲ್ಲಿ ಹುರುಳಿದೆ ಎಂದು ಪರಿಸರ ವಿಜ್ಞಾನಿಗಳು ಬರೆದದ್ದು ಬಹಳ ಕಾಲದ ಮೇಲೆ.

ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದದ್ದು ಈ ಸಂಕಟದ ನಡುವೆ, 1980ರ ಹೊತ್ತಿಗೆ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, ವಿವೇಕಾನಂದರ ವಿಚಾರಗಳಿಂದ ಪ್ರಭಾವಿತರಾಗಿ, ರಾಮಕೃಷ್ಣ ಮಿಷನ್ನಿನಲ್ಲಿ ಸೇವೆ ಮಾಡಿ ಬಂದವರು ಅವರು. ಪೋಡಿನ ಜನ ಮೊದಲು ಹತ್ತಿರ ಸುಳಿಯಲಿಲ್ಲ. ಪ್ಯಾಂಟು ತೊಟ್ಟು ಬಂದವರೆಲ್ಲ ಒಂದೋ ಗದರಿಸಲು, ಇಲ್ಲವೇ ಒಕ್ಕಲೆಬ್ಬಿಸಲು ಬಂದವರೆಂಬುದು ಅವರ ಅನುಭವ. ವೈದ್ಯರು ಪೋಡಿನಿಂದ ಪೋಡಿಗೆ ನಡೆದರು. ಹಾವು ಕಡಿತ, ಕರಡಿ ಪರಚಿದ ಗಾಯ, ಹೆರಿಗೆಯ ತೊಡಕು, ಮಕ್ಕಳ ಅಪೌಷ್ಟಿಕತೆ, ಕುಡಗೋಲು ರಕ್ತಹೀನತೆ ಹೀಗೆ ಒಂದೊಂದೇ ಕಾಯಿಲೆಯ ಮೂಲಕ ಅವರಿಗೆ ಒಂದೊಂದೇ ಮನೆಯ ಪರಿಚಯವಾಯಿತು.

1981ರಲ್ಲಿ ಅವರ ಕೈಯಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಆಸ್ಪತ್ರೆಯ ಜೊತೆಗೇ ಶಾಲೆಯೂ ಬೆಳೆಯಿತು. ಮಕ್ಕಳ ಹಾಡು, ಕುಣಿತ, ಗಿಡಮೂಲಿಕೆಯ ತಿಳಿವಳಿಕೆಯನ್ನು ಆ ಶಾಲೆ ಹೊರಗಟ್ಟಲಿಲ್ಲ. ಕೆಳನಾಡಿನ ಶಾಲೆಗಳಲ್ಲಿ ಕಾಡಿನವನೆಂದು ನಗೆಗೀಡಾಗಿ ಅರ್ಧಕ್ಕೇ ಬಿಟ್ಟು ಬರುವ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಸೋಲಿಗ ಹೆಣ್ಣುಮಕ್ಕಳು ದಾದಿಯರ ತರಬೇತಿ ಪಡೆದು ತಮ್ಮವರ ನಡುವೆಯೇ ಕೆಲಸಕ್ಕೆ ನಿಂತರು. ಹೆರಿಗೆ ನೋವಿನ ಹೆಂಗಸು ತನ್ನ ನುಡಿ ಬಲ್ಲವಳ ಕೈ ಹಿಡಿಯುವಂತಾಯಿತು. 1994ರಲ್ಲಿ ಸುದರ್ಶನ್ ಅವರಿಗೂ ಕೇಂದ್ರಕ್ಕೂ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂದಾಗ ಬೆಟ್ಟದ ಹೆಸರು ಹೊರದೇಶಗಳಿಗೂ ತಿಳಿಯಿತು.

ಆದರೆ ಔಷಧಿಗೆ ಮಿತಿಯಿದೆ. ಮಗುವಿನ ಜ್ವರ ಇಳಿಸಬಹುದು; ಜೇನು ತರಲು ಹೋದ ಅಪ್ಪ ಗಾರ್ಡಿನ ಕೈಗೆ ಸಿಕ್ಕಿಬಿದ್ದರೆ ಆ ಮನೆಯ ಒಲೆ ಹೇಗೆ ಉರಿಯಬೇಕು? ಈ ಪ್ರಶ್ನೆ ಎದುರಾದಾಗ ಕೇಂದ್ರ ಹಿಂಜರಿಯಲಿಲ್ಲ. ಪೋಡುಗಳಲ್ಲಿ ಸೋಲಿಗ ಅಭಿವೃದ್ಧಿ ಸಂಘ ಕಟ್ಟಲು ನೆರವಾಯಿತು. ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಜೇನು, ನೆಲ್ಲಿ, ಸೀಗೆ, ಪಾಚಿ ಮಾರಿದರೂ ಕೊಯ್ದವರ ಕೈಗೆ ದಕ್ಕುತ್ತಿದ್ದುದು ಕಡಿಮೆ. 1990ರ ದಶಕದಲ್ಲಿ ಕೇಂದ್ರವೂ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯೂ ಸೇರಿ ಬೆಟ್ಟದಲ್ಲೇ ಜೇನು ಸೋಸಿ, ಉಪ್ಪಿನಕಾಯಿ ಹಾಕಿ ಮಾರುವ ವ್ಯವಸ್ಥೆ ಮಾಡಿದವು. ಎಷ್ಟು ಕೊಯ್ದರು, ಎಷ್ಟು ಸಸಿ ಹುಟ್ಟಿತು ಎಂಬ ಲೆಕ್ಕವನ್ನು ಸೋಲಿಗರೂ ಕೂಡಿಯೇ ಇಟ್ಟರು.

ಅದೇ ದಶಕದಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರ ಮೇಲೆ ಇನ್ನೊಂದು ಗಂಡಾಂತರ ಎರಗಿತು. ಕಾಡುಗಳ್ಳ ವೀರಪ್ಪನ್ ಬೇಟೆಯ ನೆಪದಲ್ಲಿ ಕಾಡಂಚಿನ ಹಳ್ಳಿಗರನ್ನು ಹಿಡಿದು ಹಿಂಸಿಸಲಾಯಿತು. ಹಲವರು ಟಾಡಾ ಕಾಯ್ದೆಯಡಿ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯಿಂದ ವಿಚಾರಣೆ ನಡೆಸಿ, 2007ರಲ್ಲಿ ಸಂತ್ರಸ್ತರಿಗೆ ಪರಿಹಾರ ಕೊಡಿಸಲು ಮುಂದಾಯಿತು. ಬಾಯಿಬಿಡಲು ಹೆದರಿದವರನ್ನು ಆಯೋಗದೆದುರು ಧೈರ್ಯವಾಗಿ ನಿಲ್ಲಿಸಿದ್ದೂ ಸಮಾಜಕಾರ್ಯವೇ.

ಅಷ್ಟರಲ್ಲಿ ಬಿಳಿಗಿರಿಯಲ್ಲಿ ಕಿರು ಅರಣ್ಯ ಉತ್ಪನ್ನ ತೆಗೆಯುವುದಕ್ಕೂ ನಿಷೇಧ ಬಂದಿತ್ತು. ಹತ್ತಾರು ವರ್ಷ ಕಟ್ಟಿದ ದುಡಿಮೆ ಒಂದು ಆದೇಶದಿಂದ ಕುಸಿಯಿತು. ಕೈ ಹಿಡಿದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಹಕ್ಕು ಯಾರದೆಂದು ಮೊದಲು ಕೂತು ನೋಡಬೇಕಾದದ್ದು ಗ್ರಾಮಸಭೆ ಎಂದಿತು ಕಾಯ್ದೆ. ಕಾಗದಪತ್ರ ಇಲ್ಲದವರು ಏನು ತೋರಿಸಬೇಕು? ಹಿರಿಯರ ಹೇಳಿಕೆ, ಸಮಾಧಿ, ದೇವರ ನೆಲೆ ಇವೂ ಸಾಕ್ಷಿಯಾಗುತ್ತವೆ ಎಂದವು ನಿಯಮಗಳು.

ಸೋಲಿಗರ ಹತ್ತಿರ ಅಂಥ ಸಾಕ್ಷಿಗೆ ಬರವೇ ಇರಲಿಲ್ಲ. ಪ್ರತಿ ಕುಲಕ್ಕೂ ತನ್ನದೇ ‘ಎಲ್ಲೆ’. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳು. ಹಿರಿಯರು ಮುಂದೆ ನಡೆದು, ಇಲ್ಲಿ ನಮ್ಮಜ್ಜಿಯ ಸಮಾಧಿ, ಇಲ್ಲಿ ಹಳೇ ಪೋಡು ಎಂದು ತೋರಿಸಿದರು. ಕಿರಿಯರು ಜಿಪಿಎಸ್ ಹಿಡಿದು ಗುರುತು ಹಾಕಿಕೊಂಡರು. ಏಟ್ರೀ ಜೊತೆಗೂಡಿ ತಯಾರಿಸಿದ ಆ ನಕ್ಷೆಯಲ್ಲಿ ಸರ್ಕಾರದ ಹೆಸರುಗಳಡಿ ಮರೆಯಾಗಿದ್ದ ಸೋಲಿಗರ ಬೆಟ್ಟ ಮತ್ತೆ ಕಾಣಿಸಿಕೊಂಡಿತು. ಈ ಕೆಲಸದಲ್ಲಿ ಮುಂದಿದ್ದವರಲ್ಲಿ ಡಾ. ಸಿ. ಮಾದೇಗೌಡ ಒಬ್ಬರು. ಅವರು ಸೋಲಿಗರಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರು, ಅದೂ ಸಮಾಜಕಾರ್ಯದಲ್ಲಿ. ಮೂವತ್ತು ವರ್ಷ ಸೇವೆಯ ಫಲಾನುಭವಿ ಎನಿಸಿದ್ದ ಸಮುದಾಯವೇ ಈಗ ಆ ಕೆಲಸದ ಚುಕ್ಕಾಣಿ ಹಿಡಿದಿತ್ತು.

2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎತ್ತಂಗಡಿಯ ಭಯ ಹಬ್ಬಿತು. ಪೋಡುಗಳು ಪಟ್ಟು ಬಿಡಲಿಲ್ಲ. ಸೋಲಿಗ ಅಭಿವೃದ್ಧಿ ಸಂಘದವರು ಗ್ರಾಮಸಭೆಯಿಂದ ಜಿಲ್ಲಾ ಸಮಿತಿಯವರೆಗೆ ಅರ್ಜಿಗಳ ಬೆನ್ನು ಹತ್ತಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಜೇನು, ನೆಲ್ಲಿ, ಪಾಚಿ ತೆಗೆದು ಮಾರುವ ಅಧಿಕಾರವೂ, ದೇವರ ನೆಲೆಗಳಿಗೆ ಹೋಗಿಬರುವ ಹಕ್ಕೂ, ಆ ಕಾಡನ್ನು ಕಾಯುವ ಹೊಣೆಯೂ ಪೋಡಿನವರ ಹೆಸರಿನಲ್ಲೇ ದಾಖಲಾದವು.