ಬೊಕ್ಕಸದಿಂದ ಬಂದ ಕೀರ್ತಿ

ಹುಬ್ಬಳ್ಳಿ-ಧಾರವಾಡದಲ್ಲಿ ರಾಜಕಾರಣದ ಮಾತು ಬಂದರೆ ಎಸ್. ಆರ್. ಬೊಮ್ಮಾಯಿಯವರ ಹೆಸರು ಬಾರದೆ ಇರದು. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಪ್ರತಿನಿಧಿಯಾಗಿದ್ದ ಅವರು ಮುಖ್ಯಮಂತ್ರಿಯಾಗಿದ್ದುದು ಎಂಟೇ ತಿಂಗಳು. ಅವರಿಗಿಂತ ಮೊದಲು ಐದೂವರೆ ವರ್ಷ ಆ ಸ್ಥಾನದಲ್ಲಿದ್ದ ರಾಮಕೃಷ್ಣ ಹೆಗಡೆಯವರ ಹೆಸರಾದರೋ ಇಂದಿನ ತರುಣರ ಬಾಯಲ್ಲಿ ಅಪರೂಪ. ಇದೇಕೆ ಹೀಗಾಯಿತೆಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಹೆಗಡೆಯವರು 1926ರಲ್ಲಿ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಹುಟ್ಟಿದರು. 1957ರಲ್ಲಿ ವಿಧಾನಸಭೆಗೆ ಬಂದರು. ನಿಜಲಿಂಗಪ್ಪನವರ ಸಂಪುಟದಲ್ಲಿ ಅರ್ಥಖಾತೆ ಅವರ ಪಾಲಿಗೆ ಬಂದಿತು. ಅರ್ಥಮಂತ್ರಿಯ ಕೆಲಸ ಜನಪ್ರಿಯವಾದುದಲ್ಲ. ಕೇಳಿದವರಿಗೆಲ್ಲ ಇಲ್ಲವೆನ್ನುವುದೇ ಅವನ ನಿತ್ಯಕರ್ಮ. ಆದರೆ ಯಾವ ಖಾತೆಗೆ ಎಷ್ಟು ಹಣ ಹರಿಯುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಅವನಷ್ಟು ಬಲ್ಲವರಿಲ್ಲ. ಹೆಗಡೆಯವರು ಒಟ್ಟು 13 ಮುಂಗಡಪತ್ರಗಳನ್ನು ಮಂಡಿಸಿದರು. ಅಂಕಿಗಳ ಈ ಅಭ್ಯಾಸವೇ ಅವರ ಮಾತಿಗೆ ತೂಕ ಕೊಟ್ಟಿತೆಂದು ನನ್ನ ಎಣಿಕೆ.

ಕಾಂಗ್ರೆಸ್ಸು 1969ರಲ್ಲಿ ಒಡೆದಾಗ ಅವರು ನಿಜಲಿಂಗಪ್ಪನವರ ಕಡೆಗೇ ನಿಂತರು. ಮುಂದೆ ಒಂದು ದಶಕಕ್ಕೂ ಮೀರಿ ರಾಜ್ಯದ ಅಧಿಕಾರದಿಂದ ದೂರವಿದ್ದರು. ಅಷ್ಟರಲ್ಲಿ ನಮ್ಮ ನೆಲ ಕಾಯತೊಡಗಿತ್ತು. 1980ರಲ್ಲಿ ನರಗುಂದ-ನವಲಗುಂದಗಳ ರೈತರ ಬಂಡಾಯ, 1982ರಲ್ಲಿ ಧಾರವಾಡದ ಸಾಹಿತಿಗಳು ಬೀದಿಗಿಳಿದ ಗೋಕಾಕ್ ಚಳವಳಿ, ಇವೆರಡೂ ಗುಂಡೂರಾಯರ ಸರಕಾರದ ಬುಡವನ್ನು ಸಡಿಲಿಸಿದವು. 1983ರ ಜನವರಿಯಲ್ಲಿ 95 ಸ್ಥಾನ ಗೆದ್ದ ಜನತಾ ಪಕ್ಷವು ಅನ್ಯರ ಬೆಂಬಲದಿಂದ ಸರಕಾರ ರಚಿಸಿತು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದವರು ಹೆಗಡೆ.

ಅವರ ಕೀರ್ತಿಯ ಏರಿಳಿತವನ್ನು ಮೂರು ರಾಜೀನಾಮೆಗಳಲ್ಲಿ ಅಳೆಯಬಹುದು. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಾಗ, ಜನರ ವಿಶ್ವಾಸ ಹೋಯಿತೆಂದು ಅವರು ತಾವಾಗಿ ಅಧಿಕಾರ ಬಿಟ್ಟರು. ಜನ ಮೆಚ್ಚಿ 1985ರಲ್ಲಿ 139 ಸ್ಥಾನ ಕೊಟ್ಟರು. 1986ರಲ್ಲಿ ಸಾರಾಯಿ ಗುತ್ತಿಗೆಯ ಪ್ರಕರಣದಲ್ಲಿ ಹೈಕೋರ್ಟಿನ ಟೀಕೆ ಬಂದಾಗ ರಾಜೀನಾಮೆ ಕೊಟ್ಟು, ಮೂರೇ ದಿನಗಳಲ್ಲಿ ಹಿಂದೆಗೆದುಕೊಂಡರು, ಸಂಶಯ ಹುಟ್ಟಿತು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಕೊಟ್ಟದ್ದು ಮೂರನೆಯದು. ಮತ್ತೆ ಆ ಕುರ್ಚಿ ಸಿಗಲಿಲ್ಲ. ಮೌಲ್ಯಾಧಾರಿತ ರಾಜಕಾರಣದ ಮಾತಾಡಿದವರನ್ನು ಜನ ಅದೇ ಮೌಲ್ಯದಿಂದ ತೂಗಿದರು. ಇದರಲ್ಲಿ ಅನ್ಯಾಯವಿಲ್ಲ.

1991ರಲ್ಲಿ ಬಾಗಲಕೋಟೆಯಲ್ಲಿ ಸೋತರು. 1996ರಲ್ಲಿ ಜನತಾ ದಳವೇ ಅವರನ್ನು ಹೊರಹಾಕಿತು. 1998ರಲ್ಲಿ ವಾಜಪೇಯಿಯವರ ಸಂಪುಟದಲ್ಲಿ ವಾಣಿಜ್ಯ ಮಂತ್ರಿಯಾದದ್ದು ಸಂಜೆಯ ಬಿಸಿಲು. 2004ರ ಜನವರಿಯಲ್ಲಿ ತೀರಿಕೊಂಡರು. 13 ಮುಂಗಡಪತ್ರಗಳ ದಾಖಲೆಯನ್ನೂ 2023ರಲ್ಲಿ ಸಿದ್ದರಾಮಯ್ಯನವರು ಮೀರಿದರು.

ಹಾಗಾದರೆ ಉಳಿದದ್ದೇನು? ಬೊಮ್ಮಾಯಿಯವರ ಹೆಸರನ್ನು ಉಳಿಸಿದ್ದು ಅವರ ಆಳ್ವಿಕೆಯಲ್ಲ, 1989ರ ವಜಾವನ್ನು ಪ್ರಶ್ನಿಸಿ ಹೂಡಿದ ದಾವೆ. 1994ರ ಸುಪ್ರೀಂ ಕೋರ್ಟಿನ ಆ ತೀರ್ಪು ಚುನಾಯಿತ ಸರಕಾರಗಳಿಗೆಲ್ಲ ರಕ್ಷೆಯಾಯಿತು. ಅದರ ಮೇಲೆ ಅವರ ಹೆಸರೇ ಬರೆದಿತ್ತು. ಹೆಗಡೆಯವರ ಕಾಲದ ದೊಡ್ಡ ಕೆಲಸದ ಮೇಲೆ ಯಾರ ಹೆಸರೂ ಇಲ್ಲ. ಅಬ್ದುಲ್ ನಜೀರ್ ಸಾಬರ ದುಡಿಮೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. ಮಹಿಳೆಯರಿಗೆ ಶೇಕಡಾ 25 ಸ್ಥಾನ ದೊರೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಆಮೇಲೆ. ಬೊಕ್ಕಸವನ್ನು ಬಲ್ಲ ಮುಖ್ಯಮಂತ್ರಿಯ ಒಪ್ಪಿಗೆಯಿಲ್ಲದೆ ರಾಜಧಾನಿಯ ಹಣ ಹಳ್ಳಿಯತ್ತ ಹರಿಯುತ್ತಿರಲಿಲ್ಲ.

ಇಂದು ನವಲಗುಂದದ ಹಳ್ಳಿಯೊಂದರ ಪಂಚಾಯತಿಯಲ್ಲಿ ಸಹಿ ಹಾಕುವ ಹೆಣ್ಣುಮಗಳಿಗೆ ಹೆಗಡೆಯವರು ಯಾರೆಂದು ತಿಳಿಯದಿರಬಹುದು. ಅವರ ತಪ್ಪುಗಳನ್ನು ಮರೆಯದೆಯೂ, ಆ ಸಹಿಯಲ್ಲಿ ಅವರಿಗೊಂದು ಪಾಲಿದೆ ಎಂದು ನಾನು ನೆನೆಯುತ್ತೇನೆ.