ಕಚೇರಿ ತಂತ್ರಾಂಶಗಳಲ್ಲಿ ಕನ್ನಡ ಪಠ್ಯದ ಪ್ರದರ್ಶನ ದೋಷಗಳು

ಕನ್ನಡ ಪಠ್ಯದ ಪ್ರದರ್ಶನ ದೋಷ ಎಂದರೆ ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್, ಲಿಬ್ರೆ ಆಫೀಸ್ ಮೊದಲಾದ ಕಚೇರಿ ತಂತ್ರಾಂಶಗಳಲ್ಲಿ ತೆರೆದ ಕನ್ನಡ ಕಡತವು ಗಣಕದ ಪರದೆಯ ಮೇಲೆ ಸರಿಯಾಗಿ ಮೂಡದಿರುವ ಸ್ಥಿತಿ. ಅರ್ಥವಿಲ್ಲದ ರೋಮನ್ ಅಕ್ಷರಗಳು, ಖಾಲಿ ಚೌಕಗಳು, ಒಡೆದ ಒತ್ತಕ್ಷರಗಳು, ಕತ್ತರಿಸಿದ ಸಾಲುಗಳು ಇದರ ಸಾಮಾನ್ಯ ಲಕ್ಷಣಗಳು. ಬಹುತೇಕ ಸಂದರ್ಭಗಳಲ್ಲಿ ಪಠ್ಯವು ಕಡತದೊಳಗೆ ಸುರಕ್ಷಿತವಾಗಿಯೇ ಇರುತ್ತದೆ. ಕಾರಣ ತಿಳಿಯದೆ ತಿದ್ದಿ ಉಳಿಸಿದಾಗಲೇ ಅದು ನಾಶವಾಗುವ ಸಂಭವವಿದೆ. ಆದುದರಿಂದ ಮೊದಲು ಕಡತದ ಪ್ರತಿ ತೆಗೆದಿಟ್ಟು, ಆ ಪ್ರತಿಯ ಮೇಲೆ ಮಾತ್ರ ಪರೀಕ್ಷೆ ನಡೆಸುವುದು ಸೂಕ್ತ.

ಹಿನ್ನೆಲೆ

ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ತಮ್ಮ ತಂತ್ರಾಂಶಕ್ಕೆ ದಕ್ಷಿಣ ಕನ್ನಡದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದು ಹೆಸರಿಟ್ಟರು. 1998ರಲ್ಲಿ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಬಳಕೆಗೆ ಬಂದವು. ಇವುಗಳ ಹಳೆಯ ಆವೃತ್ತಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಲಾಗಿತ್ತು. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಪ್ರತ್ಯೇಕ ಸ್ಥಾನ ದೊರೆತಿದ್ದರೂ, ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯ ‘ತುಂಗಾ’ ಫಾಂಟ್‌ನೊಂದಿಗೆ. ಹೀಗೆ ಎರಡು ಬಗೆಯ ಕಡತಗಳು ಇಂದಿಗೂ ಜೊತೆಯಾಗಿ ಉಳಿದಿವೆ.

ಮೂರು ಊರುಗಳ ಹೆಸರಿನ ಉದಾಹರಣೆ

ದಕ್ಷಿಣ ಕನ್ನಡ ಜಿಲ್ಲೆಯ ಮೂರು ತಾಲೂಕುಗಳ ಹೆಸರುಗಳಿಂದ ಯುನಿಕೋಡ್ ಪಠ್ಯದ ದೋಷವನ್ನು ಸುಲಭವಾಗಿ ಪರೀಕ್ಷಿಸಬಹುದು.

• ಕಡಬ: ಮೂರೇ ಸಂಕೇತಗಳು. ಒತ್ತು, ಗುಣಿತ ಎರಡೂ ಇಲ್ಲ.
• ಸುಳ್ಯ: ಸ, ಉಕಾರದ ಚಿಹ್ನೆ, ಳ, ವಿರಾಮ, ಯ ಎಂಬ ಐದು ಸಂಕೇತಗಳು.
• ಪುತ್ತೂರು: ಎರಡು ಉಕಾರ, ಒಂದು ಊಕಾರ, ಒಂದು ವಿರಾಮ ಸೇರಿ ಎಂಟು ಸಂಕೇತಗಳು.

‘ಕಡಬ’ ಸರಿಯಾಗಿದ್ದು ಉಳಿದೆರಡು ಒಡೆದು ಕಂಡರೆ ಫಾಂಟ್ ಇದೆ, ಆದರೆ ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ ಎಂದರ್ಥ. ಮೂರೂ ಚೌಕಗಳಾಗಿ ಕಂಡರೆ ಕನ್ನಡ ಫಾಂಟ್ ಇಲ್ಲವೆಂದು ತಿಳಿಯಬೇಕು.

ಲಕ್ಷಣಗಳು ಮತ್ತು ಪರಿಹಾರ

ರೋಮನ್ ಅಕ್ಷರಗಳ ರಾಶಿ: ಕಡತವು ಹಳೆಯ ನುಡಿ ಅಥವಾ ಬರಹದ್ದಾಗಿರಬಹುದು. ಅದೇ ಫಾಂಟನ್ನು ಸ್ಥಾಪಿಸಿದರೆ ಪಠ್ಯ ಓದಲು ಬರುತ್ತದೆ. ಆದರೆ ಯುನಿಕೋಡ್‌ನಲ್ಲಿ ‘ಪುತ್ತೂರು’ ಎಂದು ಬೆರಳಚ್ಚಿಸಿ ಹುಡುಕಿದರೆ ಅಂತಹ ಕಡತದಲ್ಲಿ ಸಿಗದು. ಅಕಾರಾದಿ ಜೋಡಣೆಯೂ ತಪ್ಪುತ್ತದೆ. ಶಾಶ್ವತ ಪರಿಹಾರವೆಂದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸುವುದು. ಕಡತದ ನಡುವಿನ ಇಂಗ್ಲಿಷ್ ಪದಗಳು ಪರಿವರ್ತನೆಯಲ್ಲಿ ಅರ್ಥಹೀನ ಕನ್ನಡವಾಗುವುದುಂಟು; ಅರ್ಕಾವೊತ್ತು ಸ್ಥಾನ ತಪ್ಪುವುದೂ ಉಂಟು. ಆದ್ದರಿಂದ ಕರಡು ತಿದ್ದುವುದು ಅನಿವಾರ್ಯ.

ಖಾಲಿ ಚೌಕಗಳು: ನಿರ್ಮಲಾ ಯುಐ, ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟ್ ಆಯ್ದುಕೊಳ್ಳಬೇಕು. ಕನ್ನಡ ಲಿಪಿಯಲ್ಲಿ ಬರೆದ ತುಳು ಮತ್ತು ಅರೆಭಾಷೆಗೂ ಇದೇ ಪರಿಹಾರ. 2024ರಲ್ಲಿ ಯುನಿಕೋಡ್ 16.0ಕ್ಕೆ ಸೇರಿದ ತುಳು-ತಿಗಳಾರಿ ಲಿಪಿಗೆ ಮಾತ್ರ ಪ್ರತ್ಯೇಕ ಫಾಂಟ್ ಬೇಕು.

ಪುಟವಿನ್ಯಾಸದ ಬದಲಾವಣೆ: ವಿಂಡೋಸ್ 10ರಿಂದ ತುಂಗಾ ಫಾಂಟ್ ಐಚ್ಛಿಕವಾಗಿದೆ. ಅದರಲ್ಲಿ ಸಿದ್ಧಪಡಿಸಿದ ಪುಟಗಳು ಬದಲಿ ಫಾಂಟ್‌ನಿಂದಾಗಿ ಹಿಗ್ಗಬಹುದು ಅಥವಾ ಕುಗ್ಗಬಹುದು. ಲಿಬ್ರೆ ಆಫೀಸ್‌ನಲ್ಲಿ ಕನ್ನಡದಂತಹ ಸಂಕೀರ್ಣ ಲಿಪಿಗಳ ಫಾಂಟ್ ಮತ್ತು ಗಾತ್ರವನ್ನು ರೋಮನ್ ಅಕ್ಷರಗಳಿಂದ ಬೇರೆಯಾಗಿ ನಿಗದಿಪಡಿಸಲಾಗುತ್ತದೆ.

ಕತ್ತರಿಸಿದ ಒತ್ತುಗಳು: ಸಾಲಿನ ಅಂತರವು ‘ಎಕ್ಸಾಕ್ಟ್ಲಿ’ ಎಂದಿದ್ದರೆ ‘ಸಿಂಗಲ್’ ಎಂದು ಬದಲಿಸಬೇಕು. ಎಕ್ಸೆಲ್‌ನಲ್ಲಿ ಅಡ್ಡಸಾಲಿನ ಎತ್ತರವನ್ನು ಹೆಚ್ಚಿಸಬೇಕು.

ಪರದೆಯ ಮಿನುಗು, ಕಪ್ಪು ಪಟ್ಟಿ: ಇದು ಭಾಷೆಗೆ ಸಂಬಂಧಿಸಿದ್ದಲ್ಲ. ಗ್ರಾಫಿಕ್ಸ್ ಚಾಲಕ ತಂತ್ರಾಂಶವನ್ನು ನವೀಕರಿಸಿ, ಆಯ್ಕೆಗಳಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿ ನೋಡಬಹುದು. ಲಿಬ್ರೆ ಆಫೀಸ್‌ನ ‘ಹೆಲ್ಪ್’ ಪಟ್ಟಿಯಲ್ಲಿ ಸೇಫ್ ಮೋಡ್ ಸಹ ಇದೆ.

ದತ್ತಾಂಶ ನಾಶ

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಅತ್ಯಂತ ಗಂಭೀರ ಲಕ್ಷಣ. ಶಾಲೆಯ ದಾಖಲಾತಿ ಪಟ್ಟಿ ಅಥವಾ ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿ ರೂಪದಲ್ಲಿ ಉಳಿಸಿದರೆ ಪ್ರತಿಯೊಂದು ಕನ್ನಡ ಸಂಕೇತವೂ ‘?’ ಆಗಿ ಬದಲಾಗುತ್ತದೆ. ಆ ಕಡತದಿಂದ ಹೆಸರುಗಳನ್ನು ಮರಳಿ ಪಡೆಯಲಾಗದು. ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆ ಇದನ್ನು ತಡೆಯುತ್ತದೆ. ಯುಟಿಎಫ್-8 ಕಡತವು ತೆರೆದಾಗ ವಿಚಿತ್ರ ಅಕ್ಷರಗಳಾಗಿ ಕಂಡರೆ ಅದನ್ನು ಉಳಿಸದೆ ಮುಚ್ಚಿ, ‘ಡೇಟಾ’ ಪಟ್ಟಿಯ ಮೂಲಕ ಯುಟಿಎಫ್-8 ಎಂದು ಸೂಚಿಸಿ ಮತ್ತೆ ತೆರೆಯಬೇಕು.

ಬೇರೆಯವರಿಗೆ ಕಳುಹಿಸುವ ಕಡತಗಳಲ್ಲಿ ಫಾಂಟನ್ನು ಅಂತರ್ಗತಗೊಳಿಸುವುದು, ಇಲ್ಲವೇ ಪಿಡಿಎಫ್ ಪ್ರತಿಯನ್ನು ಜೊತೆಗಿರಿಸುವುದು ಉತ್ತಮ ಮುನ್ನೆಚ್ಚರಿಕೆ.